ಖಾನೇಸುಮಾರಿಯಲ್ಲಿ ತಿಪ್ಪವ್ವ

ಈ ಸಲದ ಜನಗಣತಿಗೆ ಸಿಂಧನೂರಿನ ನಮ್ಮ ಓಣಿಗೆ ಬಂದವರು ಒಬ್ಬ ಎಳೆಯ ಮಾಸ್ತರರು. ಕಟ್ಟೆಯ ಮೇಲೆ ಕುಳಿತು ನನ್ನ ವಯಸ್ಸು ಕೇಳಿದರು. ಅರವತ್ತು ಎಂದೆ. ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ನನಗೆ ಸಿಟ್ಟು ಬಂತು. ನನ್ನ ವಯಸ್ಸು ಅರವತ್ತಮೂರು, ಅರವತ್ತು ಎಂದದ್ದು ನಿಮ್ಮನ್ನು ಪರೀಕ್ಷಿಸಲಿಕ್ಕೆ, ಸೊನ್ನೆಗೋ ಐದಕ್ಕೋ ಮುಗಿಯುವ ವಯಸ್ಸು ಹೇಳುವವರನ್ನು ಇನ್ನೊಮ್ಮೆ ಕೇಳದೆ ಬಿಡಬಾರದು ಎಂದು ಅಲ್ಲಿಯೇ ಪಾಠ ಶುರುಮಾಡಿದೆ. ಅವರು ನಗುತ್ತ ತಿದ್ದಿಕೊಂಡರು. ಮನಸ್ಸಿನಲ್ಲಿ ಬೈದುಕೊಂಡಿರಲಿಕ್ಕೂ ಸಾಕು. ಹೋಗುವಾಗ, ನಿಜಾಮರ ಕಾಲದಲ್ಲಿ ನೀವು ಹೇಗೆ ಎಣಿಸುತ್ತಿದ್ದಿರಿ ಎಂಬುದನ್ನು ಬರೆದಿಡಿ, ನಮ್ಮಂಥವರಿಗೆ ಉಪಯೋಗವಾಗುತ್ತದೆ ಎಂದರು.

ಉಪಯೋಗದ ಮಾತು ನನಗೆ ಗೊತ್ತಿಲ್ಲ. ಮಾಸ್ತರನಾಗಿ ಸೇರಿ ತಹಸೀಲ ಕಚೇರಿಯಲ್ಲಿ ಮುಗಿಸಿದ ನೌಕರಿ ನನ್ನದು. ನಿಜಾಮ ಸರ್ಕಾರಕ್ಕಾಗಿ ಎರಡು ಖಾನೇಸುಮಾರಿ ಮಾಡಿದೆ, ಜನಗಣತಿಗೆ ಆಗ ಹಾಗೆನ್ನುತ್ತಿದ್ದರು. ಮೊದಲನೆಯದರಲ್ಲಿ ಮನೆ ಮನೆ ತಿರುಗಿ ಬರೆಯುವವನಾಗಿದ್ದೆ. ಹತ್ತು ವರ್ಷದ ಮೇಲೆ, ಬರೆಯುವವರನ್ನು ತನಿಖೆ ಮಾಡುವವನಾದೆ. ನಡುವಿನ ಬಡ್ತಿಯ ಕಥೆ ಯಾರಿಗೂ ಬೇಡ. ಲೆಕ್ಕವಿಲ್ಲದಷ್ಟು ಜನರ ಹೆಸರು ಬರೆದ ಕೈ ಇದು. ಅವರಲ್ಲಿ ಒಂದು ಕೂಸನ್ನು ಮಾತ್ರ ತಪ್ಪಾಗಿ ಬರೆದೆ. ಎರಡು ಸಲ ಬರೆದೆ, ಎರಡು ಸಲವೂ ತಿಳಿದೇ ಬರೆದೆ. ಮಸ್ಕಿಯ ಹತ್ತಿರದ ಒಂದು ಊರಿನ ನಿಂಗವ್ವ ಎಂಬ ಹೆಣ್ಣುಮಗಳಿಗೆ ಉಳಿದಿದ್ದ ಒಂದೇ ಕೂಸು ಅದು. ಕೆಲಸದ ರೀತಿ ಹೇಳುತ್ತ ಹೇಳುತ್ತ ಆ ಕೂಸಿನ ಹತ್ತಿರ ಬರುತ್ತೇನೆ. ನೇರವಾಗಿ ಅಲ್ಲಿಗೇ ಹೋಗಲು ಈ ವಯಸ್ಸಿನಲ್ಲಿಯೂ ನನಗೆ ಧೈರ್ಯ ಸಾಲುವುದಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಮಸ್ಕಿಯ ಕಡೆಯ ಸರ್ಕಾರಿ ಸಾಲೆಯೊಂದರಲ್ಲಿ ಉರ್ದುವನ್ನೂ ಲೆಕ್ಕವನ್ನೂ ಕಲಿಸುತ್ತಿದ್ದೆ. ಸಾಲೆ ಮುಚ್ಚಿ ಜನರನ್ನು ಬರೆಯಬೇಕೆಂದು ತಹಸೀಲಿನಿಂದ ಹುಕುಂ ಬಂತು. ಒಂದು ಉದ್ದನೆಯ ದಫ್ತರ ಕೊಟ್ಟರು. ಒಬ್ಬೊಬ್ಬರಿಗೆ ಒಂದು ಸಾಲು. ಹೆಸರು, ಗಂಡೋ ಹೆಣ್ಣೋ, ವಯಸ್ಸು, ಮದುವೆ, ಜಾತಿ, ಕಸುಬು. ಬರೆಯುವುದೆಲ್ಲ ಉರ್ದುವಿನಲ್ಲಿ. ಗಂಡಿಗೆ ಮರ್ದ್, ಹೆಣ್ಣಿಗೆ ಔರತ್. ತೊಟ್ಟಿಲಲ್ಲಿ ಮಲಗಿದ ಕೂಸಾದರೂ ಮರ್ದ್ ಇಲ್ಲವೇ ಔರತ್. ಮೊದಲ ಸುತ್ತನ್ನು ಕಪ್ಪು ಶಾಯಿಯಲ್ಲಿ ಬರೆಯಬೇಕು. ಆಮೇಲೆ ಮೇಲಿನವರು ಬಂದು ತನಿಖೆ ಮಾಡಬೇಕು. ಸತ್ತವರನ್ನು ಹೊಡೆದುಹಾಕುವುದು, ಹುಟ್ಟಿದವರನ್ನು ಸೇರಿಸುವುದು, ತಪ್ಪು ತಿದ್ದುವುದು ಎಲ್ಲ ಕೆಂಪು ಶಾಯಿಯಲ್ಲಿ. ಸರ್ಕಾರ ಗೊತ್ತುಮಾಡಿದ ದಿನ ಯಾರು ಜೀವದಿಂದ ಇದ್ದರೋ ಅವರು ಲೆಕ್ಕಕ್ಕೆ ಸೇರಿದರು. ಮರುದಿನವೇ ತೀರಿಕೊಂಡರೂ ಅವರನ್ನು ತೆಗೆಯುವಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಫಜೀತಿ ವಯಸ್ಸಿನದು. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ಹಲ್ಲಿಲ್ಲದ ಒಬ್ಬ ಮುದುಕ, ಪಕ್ಕದಲ್ಲಿ ಮೀಸೆ ಬಂದ ಮೊಮ್ಮಗನನ್ನು ನಿಲ್ಲಿಸಿಕೊಂಡು, ನನಗೊಂದು ಮೂವತ್ತು ಬರ್ಕೊಳ್ರಿ ಎಂದ. ಮೊಮ್ಮಗನಿಗೆ ಎಷ್ಟು ಎಂದೆ. ಅವನಿಗೂ ಮೂವತ್ತು ಇರಬೇಕು ಎಂದ. ನಾನು ರೇಗಿದೆ, ಆತ ನಕ್ಕ. ಕೊನೆಗೆ ಒಂದು ಉಪಾಯ ಮಾಡಿದೆ. ಹದಿಮೂರು ವರ್ಷದ ಹಿಂದೆ ನಮ್ಮ ಸೀಮೆಯನ್ನು ಬಳಿದುಕೊಂಡು ಹೋದ ದೊಡ್ಡ ಜ್ವರ ಎಲ್ಲರಿಗೂ ನೆನಪಿತ್ತು. ಆ ಜ್ವರದ ವರ್ಷ ನೀನು ಏನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದೆ. ಎಮ್ಮೆ ಕಾಯುತ್ತಿದ್ದೆ ಎಂದರೆ ಆಗ ಎಂಟೋ ಒಂಬತ್ತೋ. ಮೀಸೆ ಮೂಡಿತ್ತು ಎಂದರೆ ಹದಿನೆಂಟು. ಅದಕ್ಕೆ ಹದಿಮೂರು ಕೂಡಿಸಿದರೆ ಈಗಿನ ವಯಸ್ಸು. ಗಂಡಸರ ಮಟ್ಟಿಗೆ ಉಪಾಯ ಚೆನ್ನಾಗಿ ನಡೆಯಿತು. ಹೆಂಗಸರು ಮಾತ್ರ ವಯಸ್ಸನ್ನು ಬಿಟ್ಟು, ಆ ವರ್ಷ ಮನೆಯಿಂದ ಯಾರು ಯಾರು ಹೋದರೆಂದು ಹೇಳಲು ಕೂರುತ್ತಿದ್ದರು. ನನ್ನ ಒಂದು ಪ್ರಶ್ನೆಗೆ ಓಣಿಯ ಹೆಂಗಸರೆಲ್ಲ ಸೇರಿ ಅತ್ತ ದಿನಗಳೂ ಇವೆ. ನಾನು ಟಾಕು ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದೆ.

ಹೆಣ್ಣುಮಕ್ಕಳ ವಯಸ್ಸಿನದು ಇನ್ನೊಂದು ಕಥೆ. ಮದುವೆಯಾಗದ ಮಗಳು ದೊಡ್ಡವಳಾಗಿದ್ದರೆ ತಂದೆಯಂದಿರು ಹತ್ತು ಎಂದು ಬರೆಸುತ್ತಿದ್ದರು. ಕೆಲವರು ಅವಳು ಮನೆಯಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದರು, ಒಳಗಿನಿಂದ ಬೀಸುವ ಕಲ್ಲಿನ ಸಪ್ಪಳ ಕೇಳುತ್ತಿದ್ದರೂ. ಒಂದು ಮನೆಯ ಅಂಗಳದಲ್ಲಿ ಎಂಟು ವರ್ಷದ ಹುಡುಗಿ ಗೆರೆ ಕೊರೆದುಕೊಂಡು ಕುಂಟುತ್ತ ಆಡುತ್ತಿದ್ದಳು. ಮದುವೆಯ ಕಾಲಮಿನಲ್ಲಿ ಏನು ಬರೆಯಲಿ ಎಂದಾಗ ಅವಳ ಅಜ್ಜಿ ಕಣ್ಣು ಒರೆಸಿಕೊಂಡಳು. ನಾನು ಬೇವಾ ಎಂದು ಬರೆದೆ, ಗಂಡ ಸತ್ತವಳು ಎಂದು ಅರ್ಥ. ಹುಡುಗಿ ಕುಂಟುತ್ತಲೇ ಹತ್ತಿರ ಬಂದು ಏನು ಬರೆದಿರಿ ಎಂದು ಕೇಳಿದಳು. ನಿನ್ನ ಹೆಸರು ಎಂದೆ. ಅವಳು ಖುಷಿಯಾಗಿ ಆಟಕ್ಕೆ ಹೋದಳು. ಇಂಥದ್ದನ್ನು ಬರೆದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಬರೆಯುವಾಗ ಕೈ ತಪ್ಪುತ್ತಿರಲಿಲ್ಲ, ಸರಿಯಾಗಿಯೇ ಬರೆಯುತ್ತಿದ್ದೆ.

ನಿಂಗವ್ವನ ಮನೆ ಊರ ತುದಿಯಲ್ಲಿತ್ತು. ಮಣ್ಣಿನ ಮಾಳಿಗೆ, ಮುಂದೆ ಒಂದು ಬೇವಿನ ಗಿಡ. ನಾನು ಹೋದಾಗ ಹಳೆಯ ಸೀರೆ ಹರವಿಕೊಂಡು ಯಾರದೋ ಕೌದಿ ಹೊಲಿಯುತ್ತಿದ್ದಳು. ಗಂಡ ತೀರಿ ಎರಡು ವರ್ಷವಾಗಿತ್ತು. ಕೌದಿ ಹೊಲಿದು, ಹತ್ತಿ ಬಿಡಿಸಲು ಹೋಗಿ ಜೀವನ ಮಾಡುತ್ತಿದ್ದಳು. ಮನೆಯಲ್ಲಿ ಎಷ್ಟು ಜನ ಎಂದೆ. ನಾನು, ನನ್ನ ಮಗಳು ಎಂದಳು. ಮಗಳ ಹೆಸರು ತಿಪ್ಪವ್ವ, ವಯಸ್ಸು ಆರು. ಅಷ್ಟರಲ್ಲಿ ತಿಪ್ಪವ್ವ ಓಡಿ ಬಂತು. ಹಸಿರು ಲಂಗ, ಎರಡು ಜಡೆ, ಮೂಗಿನಲ್ಲಿ ಸಣ್ಣ ಮೂಗುತಿ. ನನ್ನ ಶಾಯಿಯ ದವಾತಿಯಲ್ಲಿ ಬೆರಳು ಅದ್ದಲು ನೋಡಿತು. ನಾನು ಗದರಿಸಿದೆ. ಅದು ನನ್ನನ್ನೇ ಅಣಕಿಸಿ ನಕ್ಕಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯ ಎಳೆಯರಿಗಾಗಿ ಹೇಳುತ್ತೇನೆ. ಹುಟ್ಟಿದ ಗಂಡುಮಕ್ಕಳು ಒಂದರ ಹಿಂದೊಂದು ಹೋದರೆ, ಮುಂದೆ ಹುಟ್ಟಿದ ಗಂಡುಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಬೇಡವಾದದ್ದು ಎಂಬಂತೆ ಬಿಟ್ಟು ಬರುತ್ತಿದ್ದರು. ಸೂಲಗಿತ್ತಿ ಅದನ್ನು ಎತ್ತಿಕೊಂಡು ಬರುವಳು. ತಾಯಿ ಒಂದು ಮೊರ ಜೋಳ ಕೊಟ್ಟು ಅವಳಿಂದ ಕೂಸನ್ನು ಕೊಂಡುಕೊಳ್ಳುವಳು. ಆಮೇಲೆ ಮೂಗು ಚುಚ್ಚಿ, ಹೆಣ್ಣಿನ ಬಟ್ಟೆ ಹಾಕಿ, ತಿಪ್ಪವ್ವ ಎಂದೋ ಗುಂಡವ್ವ ಎಂದೋ ಕರೆಯುವುದು. ಮಾರಿ ಆ ಮನೆಗೆ ಗಂಡು ಹುಡುಕಿಕೊಂಡು ಬಂದರೆ ಹೆಣ್ಣು ಸಿಗಲಿ ಎಂದು. ನನ್ನ ಸ್ವಂತ ಸೋದರಮಾವ ಏಳು ವರ್ಷ ಲಂಗ ಉಟ್ಟವನು. ಆದ್ದರಿಂದ ತಿಪ್ಪವ್ವ ಎಂಬ ಹೆಸರು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು.

ಹರಕೆಯ ಕೂಸೇನು ಎಂದು ಸಣ್ಣ ದನಿಯಲ್ಲಿ ಕೇಳಿದೆ. ನಿಂಗವ್ವ ತುಟಿಯ ಮೇಲೆ ಬೆರಳಿಟ್ಟಳು. ಕೂಸನ್ನು ಹೊರಗೆ ಕಳಿಸಿ ಬಾಗಿಲ ಹತ್ತಿರ ಬಂದು ಕುಳಿತಳು. ಇದರ ಮೊದಲು ಐದು ಹುಟ್ಟಿದ್ದವು, ಐದೂ ಮಣ್ಣು ಸೇರಿದ್ದವು. ಒಂದೂ ಮೂರು ವರ್ಷ ದಾಟಿರಲಿಲ್ಲ. ಏಳು ವರ್ಷ ತುಂಬಿದ ದಿನ ದುರುಗಮ್ಮನ ಗುಡಿಯ ಮುಂದೆ ಮೂಗುತಿ ತೆಗೆದು, ಜಡೆ ಕತ್ತರಿಸಿ, ಧೋತರ ಉಡಿಸುತ್ತೇನೆ ಎಂದು ಬೇಡಿಕೊಂಡಿದ್ದಳು. ಅಲ್ಲಿಯ ತನಕ ಊರಿನಲ್ಲಿ ಯಾರೂ ಗಂಡು ಎಂಬ ಮಾತು ಆಡಬಾರದು. ಯಾರೂ ಆಡಿರಲಿಲ್ಲ. ಗೌಡರಿಂದ ಹಿಡಿದು ದನ ಕಾಯುವವರ ತನಕ ಎಲ್ಲರೂ ಆರು ವರ್ಷ ಆ ಮಾತು ನಡೆಸಿಕೊಂಡು ಬಂದಿದ್ದರು.

"ಇನ್ನೊಂದು ವರ್ಷ ಐತ್ರಿ ಮಾಸ್ತರ," ಎಂದಳು. "ಬಾಯಿಲೆ ಅಂದದ್ದು ಒಬ್ಬರಿಗೆ ಕೇಳಸ್ತೈತಿ. ಕಾಗದದಾಗ ಬರದದ್ದು ಯಾರ್ಯಾರು ಓದ್ತಾರೋ ಯಾರಿಗೆ ಗೊತ್ತು. ಹೆಣ್ಣಂತ ಬರ್ಕೊಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಔರತ್ ಎಂದು ಬರೆದೆ. ಬರೆದು, ದೊಡ್ಡ ಉಪಕಾರ ಮಾಡಿದವನ ಹಾಗೆ ಒಂದು ಮಾತನ್ನೂ ಸೇರಿಸಿದೆ. ಹೆದರಬೇಡ, ಈ ದಫ್ತರದಲ್ಲಿ ನಿನ್ನ ಮಗಳು ಮಗಳಾಗಿಯೇ ಇರುತ್ತಾಳೆ, ಅದಕ್ಕೆ ನಾನು ಜವಾಬ್ದಾರ ಎಂದೆ. ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕುಡಿದು ಮುಂದಿನ ಮನೆಗೆ ಹೋದೆ.

ನಮ್ಮ ಮೇಲಿನವರು ಒಬ್ಬ ಗಿರ್ದಾವರರು, ಹಲವು ಊರುಗಳ ಕಂದಾಯ ನೋಡಿಕೊಳ್ಳುವ ಅಧಿಕಾರಿ. ಅವರನ್ನು ಕೆಟ್ಟವರೆಂದು ಬರೆಯಲಾರೆ. ಲಂಚ ಮುಟ್ಟುತ್ತಿರಲಿಲ್ಲ, ಬಿಸಿಲಿನಲ್ಲಿ ನಡೆದೇ ಬರುತ್ತಿದ್ದರು, ಬರೆಯುವವರಿಗೆ ಊಟವಾಯಿತೇ ಎಂದು ಕೇಳಿಯೇ ದಫ್ತರ ತೆಗೆಯುತ್ತಿದ್ದರು. ಆದರೆ ಒಂದು ಸಾಲು ಸುಳ್ಳಾಗಿದ್ದರೆ ಇಡೀ ದಫ್ತರವೇ ಸುಳ್ಳು ಎನ್ನುವವರು. ಪಕ್ಕದ ಊರಿನಲ್ಲಿ ಇಬ್ಬರು ಮಾಸ್ತರರನ್ನು ಇಂಥದ್ದೇ ತಪ್ಪಿಗೆ ಮನೆಗೆ ಕಳಿಸಿ ಬಂದಿದ್ದರು. ಆ ಸುದ್ದಿ ಅವರಿಗಿಂತ ಮೊದಲೇ ನಿಂಗವ್ವನ ಊರಿಗೆ ತಲುಪಿತ್ತು. ನನಗೆ ಮದುವೆಯಾಗಿ ಆರು ತಿಂಗಳು. ಮನೆಯಲ್ಲಿ ನೌಕರಿ ಇದ್ದವನು ನಾನೊಬ್ಬನೇ.

ತನಿಖೆ ಚಾವಡಿಯಲ್ಲಿ ನಡೆಯಿತು. ಮಧ್ಯಾಹ್ನದ ಹೊತ್ತು. ಮನೆತನದ ಹೆಸರು ಕೂಗಿದ ಹಾಗೆ ಜನ ಬಂದು ನಿಲ್ಲಬೇಕು, ಅವರು ಸಾಲು ನೋಡಿ ಮುಖ ನೋಡಬೇಕು. ನಿಂಗವ್ವ ತಿಪ್ಪವ್ವನ ಕೈ ಹಿಡಿದುಕೊಂಡು ಬಂದಳು. ಕೂಸಿನ ಜಡೆಗೆ ಹೊಸ ಎಣ್ಣೆ ಹಚ್ಚಿ, ಹಣೆಗೆ ಕುಂಕುಮ ಇಟ್ಟಿದ್ದಳು. ಗಿರ್ದಾವರರು ನೋಡಿ, ಚೆಂದನೆಯ ಹುಡುಗಿ ಎಂದು ಗಲ್ಲ ಮುಟ್ಟಿ, ಸರಿ ಎಂದು ಗುರುತು ಹಾಕಿದರು. ಮುಂದಿನ ಮನೆತನವನ್ನು ಕೂಗಿದೆ. ತಿಪ್ಪವ್ವ ತಾಯಿಯ ಕೈ ಬಿಡಿಸಿಕೊಂಡು ಚಾವಡಿಯ ಮೂಲೆಗೆ ಓಡಿತು. ಲಂಗ ಎತ್ತಿ, ಗೋಡೆಯ ಕಡೆ ಮುಖ ಮಾಡಿ, ನಿಂತುಕೊಂಡೇ ಮೂತ್ರ ಮಾಡತೊಡಗಿತು. ಎತ್ತರಕ್ಕೆ ಹೋಗಲಿ ಎಂದು ಹಿಂದಕ್ಕೆ ವಾಲಿ ಬೇರೆ.

ಮೊದಲು ಗಿರ್ದಾವರರೇ ನಕ್ಕರು. ಅವರು ನಕ್ಕದ್ದಕ್ಕೆ ನಾಲ್ಕು ಜನ ನಕ್ಕರು. ಆಮೇಲೆ ಅವರ ಮುಖ ಬಿಗಿಯಾಯಿತು. ದಫ್ತರವನ್ನು ನನ್ನ ಕಡೆ ತಿರುಗಿಸಿ ಔರತ್ ಎಂಬಲ್ಲಿ ಬೆರಳಿಟ್ಟರು.

"ಇದೇನ್ರೀ ಮಾಸ್ತರ?"

ಆ ಹೊತ್ತಿಗೆ ನಿಜ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಹುಶಃ ಬೈದು ಬಿಡುತ್ತಿದ್ದರು. ಬಹುಶಃ ನೌಕರಿ ಹೋಗುತ್ತಿತ್ತು. ನಾನು ಯೋಚನೆ ಮಾಡಲೇ ಇಲ್ಲ, ಮಾತು ತಾನಾಗಿ ಬಂತು.

"ನನಗೇನ್ ಗೊತ್ರಿ ಸಾಹೇಬ್ರ. ಆಕಿ ಹೆಣ್ಣಂತ ಹೇಳಿದ್ಲು, ಬರ್ಕೊಂಡೆ. ನನಗ ಮೋಸ ಮಾಡ್ಯಾಳ."

ಗಿರ್ದಾವರರು ನಿಂಗವ್ವನ ಕಡೆ ತಿರುಗಿದರು. ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ. ನೀನು ಹೀಗೆ ಹೇಳಿದೆಯಲ್ಲ ಎಂಬ ಆಶ್ಚರ್ಯ ಅಷ್ಟೇ ಇತ್ತು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, "ಹೌದ್ರಿ, ನಾನ ಸುಳ್ಳು ಹೇಳೀನ್ರಿ. ಮಾಸ್ತರಂದೇನೂ ತಪ್ಪಿಲ್ಲ," ಎಂದಳು.

ಹಾಗಾದರೆ ಗಂಡೋ ಹೆಣ್ಣೋ ನಿನ್ನ ಬಾಯಿಂದಲೇ ಹೇಳು ಎಂದು ಗಿರ್ದಾವರರು ಪಟ್ಟು ಹಿಡಿದರು. ಅವಳು ಬಾಯಿ ತೆರೆಯಲಿಲ್ಲ. ಎರಡನೇ ಸಲ ಕೇಳಿದರು, ಮೂರನೇ ಸಲ ಕೇಳಿದರು. ಗೌಡರು ಮುಂದೆ ಬಂದು ಏನೋ ಹೇಳಲು ನೋಡಿದರೆ ಅವರನ್ನೂ ಸುಮ್ಮನಿರಿಸಿದರು. ಸರ್ಕಾರದ ಮುಂದೆ ಮೂಢತನ ನಡೆಯುವುದಿಲ್ಲ ಎಂದು ಎದ್ದು ನಿಂತು, ಚಾವಡಿಗೆಲ್ಲ ಕೇಳುವಂತೆ ತಾವೇ ಗಂಡು ಎಂದು ಒದರಿದರು. ಕೆಂಪು ಶಾಯಿಯಲ್ಲಿ ಔರತ್ ಎಂಬುದನ್ನು ಹೊಡೆದು ಮೇಲೆ ಮರ್ದ್ ಎಂದು ಬರೆದರು. ಅಲ್ಲಿದ್ದ ಹೆಂಗಸರು ಒಮ್ಮೆಲೇ ಬಾಯಿ ಮುಚ್ಚಿಕೊಂಡರು. ನಿಂಗವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಅದರ ಕಿವಿಯನ್ನು ಅಂಗೈಯಿಂದ ಮುಚ್ಚಿ, ಮನೆಯ ಕಡೆ ಬಿರಬಿರನೆ ನಡೆದಳು. ಆರು ವರ್ಷದ ಕೂಸು ಅದು, ಎತ್ತಿಕೊಳ್ಳಲು ಭಾರವಾಗುವಂಥದ್ದು.

ಆ ಸಂಜೆಯೇ ಅವಳ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡೆ. ನಾಳೆ ಬೇರೆ ಊರಿನ ಕೆಲಸ ಬಂತು. ಹೋಗದಿರಲು ಕಾರಣ ಕೆಲಸವಲ್ಲ, ನಾಚಿಕೆ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಎಣಿಕೆಯ ದಿನ ಮುಗಿದ ಮೇಲೆ, ಅಕ್ಷರ ಚೆನ್ನಾಗಿದ್ದ ಕೆಲವು ಮಾಸ್ತರರನ್ನು ಲಿಂಗಸುಗೂರಿಗೆ ಕರೆಸಿದರು. ಹಳೆಯ ದಂಡು ಇದ್ದ ಕಾಲದ ಒಂದು ಉದ್ದನೆಯ ಕಟ್ಟಡದಲ್ಲಿ ನಮ್ಮನ್ನು ಕೂರಿಸಿದರು. ದಫ್ತರದ ಒಂದೊಂದು ಸಾಲನ್ನೂ ಒಂದೊಂದು ಚೀಟಿಗೆ ಇಳಿಸುವುದು ಕೆಲಸ. ಚೀಟಿಯಲ್ಲಿ ಹೆಸರು ಇರುವುದಿಲ್ಲ. ಊರಿನ ನಂಬರು, ವಯಸ್ಸು, ಮದುವೆ, ಕಸುಬು ಅಷ್ಟೇ. ಹೆಣ್ಣಾದರೆ ಚೀಟಿಯ ಒಂದು ಮೂಲೆಯನ್ನು ಕತ್ತರಿಸಬೇಕು, ಗಂಡಾದರೆ ಮೂಲೆ ಹಾಗೆಯೇ ಇರಬೇಕು. ಗೋಡೆಯ ಉದ್ದಕ್ಕೂ ಹಲಗೆಯ ಗೂಡುಗಳಿದ್ದವು. ಒಂದೊಂದು ವಯಸ್ಸಿಗೆ ಒಂದೊಂದು ಗೂಡು. ಗಂಡಸರದು ಒಂದು ಸಾಲು, ಹೆಂಗಸರದು ಕೆಳಗಿನ ಸಾಲು. ಗೂಡುಗಳು ತುಂಬುತ್ತ ಬಂದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ದೊಡ್ಡ ಜ್ವರದ ವರ್ಷ ಹುಟ್ಟಿದವರ ಗೂಡು ಎರಡೂ ಸಾಲುಗಳಲ್ಲಿ ಅರ್ಧಕ್ಕೇ ನಿಂತಿತ್ತು. ಹತ್ತರಿಂದ ಹದಿನೈದರ ನಡುವಿನ ಹೆಣ್ಣುಮಕ್ಕಳ ಗೂಡುಗಳಲ್ಲಿಯೂ ಚೀಟಿ ಕಡಿಮೆ. ಅವರಲ್ಲಿ ಸತ್ತವರೆಷ್ಟೋ, ಮುಚ್ಚಿಟ್ಟವರೆಷ್ಟೋ. ಒಂದು ಸೀಮೆಯ ದುಃಖವೆಲ್ಲ ಗೋಡೆಯ ಮೇಲೆ ಕಾಣುತ್ತಿತ್ತು. ಮೊದಮೊದಲು ನೋಡಿದೆವು, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ರೂಢಿಯಾಯಿತು.

ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ನಿಂಗವ್ವನ ಊರಿನ ವಾಲೀಕಾರ, ಗೌಡರ ಆಳು, ತಹಸೀಲಿಗೆ ಕಾಗದ ತಂದವನು ನನ್ನನ್ನು ಕಂಡು ನಿಂತ. ಊರಿಗೆ ವಾಂತಿಭೇದಿ ಬಂದಿದೆ ಎಂದ. ಹೋದವರ ಹೆಸರುಗಳನ್ನು ಹೇಳಿದ. ಕೊನೆಗೆ, ನನ್ನ ಮುಖ ನೋಡದೆ, ತಿಪ್ಪವ್ವನೂ ಹೋಯಿತು ಎಂದ. ಮುಂಜಾನೆ ಹಿಡಿದು ಸಂಜೆಯೊಳಗೆ ಎಲ್ಲ ಮುಗಿದಿತ್ತಂತೆ. ಊರಿನಲ್ಲಿ ಏನನ್ನುತ್ತಾರೆ ಎಂದು ನಾನೇ ಕೇಳಿದೆ.

"ಚಾವಡ್ಯಾಗ ಒದರಿದ್ದನ್ನ ಮಾರಿ ಕೇಳಿಸ್ಕೊಂಡ್ಲು ಅಂತಾರ್ರಿ," ಎಂದ. "ನಿಂಗವ್ವ ಮಾತ್ರ ಏನೂ ಅಂದಿಲ್ರಿ. ಯಾರ ಕೂಡನೂ ಮಾತಾಡಿಲ್ಲ."

ಬೇನೆ ಬಂದದ್ದು ಬಾವಿಯ ನೀರಿನಿಂದ. ನಾನು ಸಾಲೆ ಕಲಿತವನು, ಅದು ನನಗೆ ಗೊತ್ತಿತ್ತು. ಆ ವಾರ ಆ ಊರಿನಲ್ಲಿ ತೀರಿಕೊಂಡ ಉಳಿದವರ ಬಗ್ಗೆ ಯಾರೂ ಚಾವಡಿಯಲ್ಲಿ ಏನನ್ನೂ ಒದರಿರಲಿಲ್ಲ ಎಂಬುದೂ ಗೊತ್ತಿತ್ತು. ನನ್ನನ್ನು ಕೊರೆದದ್ದು ಕೂಸಿನ ಸಾವಿಗೆ ನಾನು ಕಾರಣ ಎಂಬ ಯೋಚನೆಯಲ್ಲ. ಅವಳು ಹಾಗೆ ನಂಬಿಕೊಂಡು ಒಬ್ಬಳೇ ಆ ಮಾಳಿಗೆಯಲ್ಲಿ ಕುಳಿತಿದ್ದಾಳೆ, ನಂಬುವಂತೆ ಮಾಡಿದವನು ನಾನು ಎಂಬುದು. ಜವಾಬ್ದಾರ ಎಂದು ಹೇಳಿ ಮಜ್ಜಿಗೆ ಕುಡಿದು ಬಂದವನು ನಾನಲ್ಲವೇ.

ಕೆಲವು ದಿನಗಳಲ್ಲಿ ಆ ಊರಿನ ದಫ್ತರ ನನ್ನ ಕೈಗೇ ಬಂತು. ನನ್ನದೇ ಅಕ್ಷರ. ಸಾಲು ಸಾಲಾಗಿ ಇಳಿಸುತ್ತ ಅವಳ ಮನೆಗೆ ಬಂದೆ. ಮೊದಲು ನಿಂಗವ್ವ, ಬೇವಾ. ಅದರ ಕೆಳಗೆ ತಿಪ್ಪವ್ವ, ಆರು ವರ್ಷ. ಕ್ರಮದಂತೆ ಕೆಂಪು ಶಾಯಿಯ ತಿದ್ದುಪಡಿಯನ್ನೇ ಇಳಿಸಬೇಕು. ಬಹಳ ಹೊತ್ತು ನೋಡಿದೆ. ಆಮೇಲೆ ಕಪ್ಪು ಶಾಯಿಯ ಔರತ್ ಅನ್ನೇ ಹಿಡಿದು, ಕತ್ತರಿ ತೆಗೆದುಕೊಂಡು ಚೀಟಿಯ ಮೂಲೆ ಕತ್ತರಿಸಿದೆ. ಕೂಸು ಸತ್ತ ಮೇಲಾದರೂ ನಿಂಗವ್ವ ಕೇಳಿದ್ದನ್ನು ಕೊಟ್ಟೆ ಎಂದುಕೊಂಡೆ. ಎದ್ದು ಹೋಗಿ ಆ ಚೀಟಿಯನ್ನು ಹೆಣ್ಣುಮಕ್ಕಳ ಸಾಲಿನಲ್ಲಿ, ಆರರ ಗೂಡಿನಲ್ಲಿ ನಾನೇ ಇಟ್ಟೆ. ಊರಿನ ಗಂಡು ಹೆಣ್ಣಿನ ಮೊತ್ತದಲ್ಲಿ ಒಂದು ಹೆಚ್ಚುಕಡಿಮೆ ಬಂದಾಗ ನಮ್ಮ ಮುನ್ಷಿಗಳು ಚೀಟಿಯನ್ನೇ ಸರಿ ಎಂದು ಹಿಡಿದು ಮೊತ್ತವನ್ನು ತಿದ್ದಿದರು. ಅಂಥ ಒಂದೆರಡು ವ್ಯತ್ಯಾಸ ದಿನವೂ ಬರುತ್ತಿದ್ದವು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು ಎಂಬುದನ್ನೂ ಬರೆಯಬೇಕು.

ಹತ್ತು ವರ್ಷ ಕಳೆಯಿತು. ಮುಂದಿನ ಖಾನೇಸುಮಾರಿ ಬರುವ ಹೊತ್ತಿಗೆ ನಾನು ತಹಸೀಲ ಕಚೇರಿಯಲ್ಲಿದ್ದೆ, ತನಿಖೆ ಮಾಡುವ ಕೆಲಸ ನನ್ನದಾಗಿತ್ತು. ರೀತಿ ಪೂರ್ತಿ ಬದಲಾಗಿತ್ತು. ಯುದ್ಧದಿಂದಾಗಿ ಕಾಗದಕ್ಕೆ ತತ್ವಾರ. ದಫ್ತರವೇ ಇಲ್ಲ, ಮನೆಯ ಬಾಗಿಲಲ್ಲಿಯೇ ನೇರವಾಗಿ ಚೀಟಿ ಬರೆಯುವುದು. ಕೆಲಸ ಬೇಗ ಆಗುತ್ತಿತ್ತು. ವಯಸ್ಸು ಹೇಳುವವರು ಮಾತ್ರ ಮೊದಲಿನಂತೆಯೇ ಇದ್ದರು. ಹೊಸ ಮಾಸ್ತರರು ಅವರ ಮೇಲೆ ರೇಗುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ಮುದುಕನ ಕೂಡ ಸ್ವಲ್ಪ ಹೊತ್ತು ಬೇರೆ ಮಾತು ಆಡಿ, ವಯಸ್ಸು ಆಮೇಲೆ ಕೇಳಿ ಎಂದು ಹೇಳಿಕೊಡುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಆ ಊರಿನ ತನಿಖೆಯನ್ನು ಬೇರೆಯವರಿಗೆ ಒಪ್ಪಿಸಲು ನೋಡಿದೆ, ಆಗಲಿಲ್ಲ. ಹತ್ತು ವರ್ಷ ಆ ಓಣಿಯನ್ನು ತಪ್ಪಿಸಿಕೊಂಡು ತಿರುಗಿದ್ದೆ. ಬರೆಯುವ ಮಾಸ್ತರರನ್ನು ಮುಂದಿನ ಮನೆಗೆ ಕಳಿಸಿ ಒಬ್ಬನೇ ನಿಂಗವ್ವನ ಬಾಗಿಲಿಗೆ ಹೋದೆ. ಕೂದಲು ಬೆಳ್ಳಗಾಗಿತ್ತು. ಕೌದಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಹೊಲಿಯುತ್ತಿದ್ದಳು. ಶೇರ್ವಾನಿ ತೊಟ್ಟ ನನ್ನನ್ನು ಕಂಡು ಎದ್ದು ನಿಂತಳು. ಆಮೇಲೆ ಗುರುತು ಹಿಡಿದಳು. ಮಾಸ್ತರ ಅಲ್ಲವೇ ಎಂದು ಕೇಳಿ ಚಾಪೆ ಹಾಸಿದಳು.

ನಾನು ಕೂರಲಿಲ್ಲ. ನಿಂತುಕೊಂಡೇ, ಅವತ್ತು ಚಾವಡಿಯಲ್ಲಿ ನಾನು ಸುಳ್ಳು ಹೇಳಿದೆ, ನನ್ನನ್ನು ಕ್ಷಮಿಸು ಎಂದೆ. ಹತ್ತು ವರ್ಷ ಮನಸ್ಸಿನಲ್ಲಿ ಉರು ಹೊಡೆದಿದ್ದ ಮಾತು ಅದು. ಅವಳು ಅದನ್ನು ದೊಡ್ಡದು ಮಾಡಲಿಲ್ಲ. ನಿಮ್ಮ ನೌಕರಿ ಹೋಗುತ್ತಿತ್ತು, ಅದು ನನಗೆ ಅವತ್ತೇ ತಿಳಿದಿತ್ತು ಎಂದಳು. ಕೂತುಕೊಳ್ಳಲು ಮತ್ತೆ ಹೇಳಿದಳು. ಕೂತೆ. ಮನೆಯಲ್ಲಿ ಎಷ್ಟು ಜನ ಎಂದು ಈ ಸಲ ನಾನು ಕೇಳಲಿಲ್ಲ. ಅವಳೇ ಕೌದಿ ಪಕ್ಕಕ್ಕಿಟ್ಟು ಒಂದು ಮಾತು ಕೇಳಿದಳು. ಅವತ್ತು ಬರೆದ ಕಾಗದಗಳನ್ನು ಏನು ಮಾಡಿದಿರಿ, ಸುಟ್ಟಿರಾ ಎಂದು. ಕಾಗದ ಉಳಿಯುವುದಿಲ್ಲ, ಆದರೆ ಲೆಕ್ಕ ಉಳಿಯುತ್ತದೆ, ಪುಸ್ತಕ ಮಾಡಿ ಹೈದರಾಬಾದಿನಲ್ಲಿ ಇಟ್ಟಿರುತ್ತಾರೆ ಎಂದೆ. ಅವಳು ಸ್ವಲ್ಪ ಮುಂದಕ್ಕೆ ಸರಿದಳು.

"ನಮ್ಮದು ಅದರಾಗ ಐತೇನ್ರಿ?"

"ಐತಿ ಬೇ. ಎಣಿಸಿದ ದಿನ ಜೀವ ಇದ್ದವರೆಲ್ಲ ಅದರಾಗ ಇರ್ತಾರ."

"ಹೆಂಗ ಐತ್ರಿ? ಗಂಡಂತ ಐತೋ, ಹೆಣ್ಣಂತ ಐತೋ?"

ಹೆಣ್ಣು ಎಂದರೆ ಅವಳಿಗೆ ಸಮಾಧಾನವಾದೀತು, ನೀನು ಕೇಳಿದ ಹಾಗೆಯೇ ಮಾಡಿದ್ದೇನೆ ಎಂದು ಹೇಳಿಬಿಡಲೇ ಎಂದು ಬಾಯಿ ತೆರೆಯುವವನಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. ಅಷ್ಟು ಮಾತನ್ನು ಅವಳ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ.

"ಆರು ವರ್ಷ ಸಾಕಿದೆ, ಒಂದು ದಿನನೂ ಮಗಾ ಅಂತ ಕರೀಲಿಲ್ರಿ. ಮಲಗಿದಾಗನೂ ಕಿವ್ಯಾಗ ಅನ್ನಲಿಲ್ಲ. ಜೀವ ಹೋಗೂ ಮುಂದನೂ ಯವ್ವಾ ಯವ್ವಾ ಅಂತ ಕರದೆ, ಹಂಗ ಕರದ್ರರ ಬಿಟ್ಟುಹೋಗ್ತಾಳೇನೋ ಮಾರಿ ಅಂತ. ಲಂಗ ಉಡಿಸೇ ಮಣ್ಣು ಕೊಟ್ರು. ಅವನ್ನ ಗಂಡು ಅಂದದ್ದು ಆ ಗಿರ್ದಾವರಪ್ಪ ಒಬ್ಬನ, ಅದೂ ಒಂದ ಸಲ. ಅವತ್ತು ಕೆಂಪು ಶಾಯಿಲೆ ಬರದದ್ದನ್ನ ನಾ ನೋಡೀನ್ರಿ. ಅಷ್ಟರ ಉಳದೈತೋ ಇಲ್ಲೋ?"

ಕತ್ತರಿ ನನ್ನ ಕೈಯಲ್ಲಿ ಇದ್ದ ಹಾಗೆ ಅನಿಸಿತು.

"ಉಳದೈತಿ ಬೇ," ಎಂದೆ. "ಗಂಡಂತನ ಅದಾನ."

ಅವಳು ಅಳಲಿಲ್ಲ. ಬಾಗಿಲ ಹೊರಗೆ ಬೇವಿನ ಗಿಡದ ಕಡೆ ನೋಡುತ್ತ ತುಟಿ ಅಲುಗಿಸಿದಳು. ದನಿ ಬರಲಿಲ್ಲ, ಆದರೆ ಆ ಎರಡಕ್ಷರದ ಮಾತು ಯಾವುದೆಂದು ನನಗೆ ಕಾಣಿಸಿತು. ನಾನು ಎದ್ದು ಬಂದೆ.

ಆ ಮೊದಲ ಖಾನೇಸುಮಾರಿಯ ಛಾಪಿಸಿದ ಪುಸ್ತಕವನ್ನು ನಾನು ಕಚೇರಿಯಲ್ಲಿ ನೋಡಿದ್ದೇನೆ. ನಮ್ಮ ತಾಲೂಕಿನ ಗಂಡುಮಕ್ಕಳ ವಯಸ್ಸಿನ ಸಾಲಿನಲ್ಲಿ ಒಬ್ಬ ಕಡಿಮೆ ಇದ್ದಾನೆ, ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬಳು ಹೆಚ್ಚು ಇದ್ದಾಳೆ. ನೋಡಿದವರಿಗೆ ಅದು ತಿಳಿಯುವುದಿಲ್ಲ. ಮೂಲ ದಫ್ತರ ಉಳಿದಿಲ್ಲ, ಚೀಟಿ ಉಳಿದಿಲ್ಲ, ಆ ಗಿರ್ದಾವರರು ತೀರಿಕೊಂಡರು, ನಿಂಗವ್ವನೂ ಹೋಗಿ ಬಹಳ ವರ್ಷವಾಯಿತು. ಅವಳ ಮಗನನ್ನು ಗಂಡು ಎಂದು ಬರೆದ ಕಾಗದ ಒಂದೂ ಈ ಲೋಕದಲ್ಲಿ ಇಲ್ಲ. ಲೆಕ್ಕದಲ್ಲಿ ಉಳಿಯಬಹುದಾಗಿದ್ದ ಆ ಒಂದನ್ನು ನಾನೇ ಅಳಿಸಿದೆ, ಅವಳಿಗೆ ಉಪಕಾರ ಮಾಡುತ್ತೇನೆ ಎಂದುಕೊಂಡು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಸ್ಕಿಯ ಹತ್ತಿರದ ಆ ಊರಿನಲ್ಲಿ, ಎಣಿಸಿದ ಆ ದಿನ, ನಿಂಗವ್ವನ ಮನೆಯಲ್ಲಿ ಇಬ್ಬರಿದ್ದರು. ಒಬ್ಬಳು ನಿಂಗವ್ವ. ಇನ್ನೊಬ್ಬ ಅವಳ ಮಗ. ಗಂಡು, ವಯಸ್ಸು ಆರು.